ಮಳೆ ಪುಸ್ತಕದಲ್ಲಿ ಸಿಕ್ಕಿದ ದೋಷ: ಮೇಗರವಳ್ಳಿ ಕಡೆಯ ಒಂದು ಲ್ಯಾಪ್‌ಟಾಪಿನ ಕಥೆ

ಪುನರ್ವಸು ಮಳೆ ಜಡಿಯುತ್ತಿದ್ದ ಒಂದು ಬೆಳಿಗ್ಗೆ ಮೇಷ್ಟ್ರು ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಕೊಂಡು ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದರು. ಕೊಳೆರೋಗ ಬಾರದಿರಲಿ ಎಂದು ಅಡಿಕೆ ಗೊನೆಗೆ ಕಟ್ಟುತ್ತಾರಲ್ಲ, ಅದೇ ಕೊಟ್ಟೆ. ಒಂದರೊಳಗೊಂದು ಎರಡು, ಬಾಯಿಗೆ ಬಾಳೆನಾರು. ಮೇಗರವಳ್ಳಿಯಿಂದ ಒಳಗೆ ಇರುವ ಮನೆಯಿಂದ ರಸ್ತೆವರೆಗೆ ನಡೆದು, ಬಸ್ಸು ಹತ್ತಿ ತೀರ್ಥಹಳ್ಳಿಯಲ್ಲಿ ಇಳಿದಿದ್ದರು. ಲ್ಯಾಪ್‌ಟಾಪಿಗೆ ಒಂದು ಹನಿ ತಾಗಿರಲಿಲ್ಲ. ಮೇಷ್ಟ್ರು ಮಾತ್ರ ಪೂರ್ತಿ ತೊಯ್ದಿದ್ದರು.

"ಸ್ಟಾರ್ಟ್ ಆಗೂದಿಲ್ಲ ಮಾರಾಯ. ಒಂದು ಕಡೆ ತೋರಿಸಿದೆ, ಮದರ್‌ಬೋರ್ಡ್ ಹೋಗಿದೆ ಅಂದ್ರು. ಹನ್ನೊಂದು ಸಾವಿರ ಹೇಳಿದ್ರು. ನಿಂಗೊಂದು ಸಲ ತೋರಿಸಿ ಆಮೇಲೆ ನೋಡುವ ಅಂತ ತಂದೆ."

ಏಳನೇ ಕ್ಲಾಸಿನಲ್ಲಿ ನನಗೆ ಲೆಕ್ಕ ಹೇಳಿಕೊಟ್ಟವರು ಇವರು. ಉತ್ತರ ಸರಿಯಿದ್ದರೂ ಹಂತಗಳನ್ನು ಬರೆಯದಿದ್ದರೆ ಅರ್ಧ ಮಾರ್ಕು ಕಡಿಯುತ್ತಿದ್ದರು. ಮೂವತ್ತು ವರ್ಷದ ಮೇಲೆ ಇವರ ಲ್ಯಾಪ್‌ಟಾಪಿನಲ್ಲೂ ನಾನು ಮಾಡಿದ್ದು ಅದೇ ತಪ್ಪು. ಉತ್ತರ ಸಿಕ್ಕಿತು, ಹಂತ ಬಿಟ್ಟೆ. ಹಾಗಾಗಿ ಇಲ್ಲಿ ಎಲ್ಲ ಹಂತವನ್ನೂ ಬರೆಯುತ್ತಿದ್ದೇನೆ, ದಾರಿ ತಪ್ಪಿದ್ದನ್ನೂ ಸೇರಿಸಿ.

ಹಿಂದಿನ ಕಥೆ

ಯಂತ್ರ 2018ರದ್ದು. ಇಂಟೆಲ್ ಎಂಟನೇ ತಲೆಮಾರಿನ ಐ5, 8 ಜಿಬಿ ರ್ಯಾಮ್. ಬೆಂಗಳೂರಿನಲ್ಲಿರುವ ಮಗ ಹೊಸದು ಕೊಂಡಾಗ ಹಳೆಯದನ್ನು ಅಪ್ಪನಿಗೆ ಕೊಟ್ಟದ್ದು. ಮೇಷ್ಟ್ರು ಅದರಲ್ಲಿ ತೋಟದ ಲೆಕ್ಕ ಇಡುತ್ತಾರೆ, ಊರಿನ ಹಳೆಯ ಮನೆತನಗಳ ಬಗ್ಗೆ ನುಡಿ ತಂತ್ರಾಂಶದಲ್ಲಿ ಟಿಪ್ಪಣಿ ಬರೆಯುತ್ತಾರೆ, ದಿನಾ ಅಳೆಯುವ ಮಳೆಯನ್ನು ಎಕ್ಸೆಲ್‌ಗೆ ಏರಿಸುತ್ತಾರೆ.

ಹೋದ ವರ್ಷವೇ ಬ್ಯಾಟರಿ ಉಬ್ಬಿ ಕೀಬೋರ್ಡಿನ ನಡು ಎದ್ದು ನಿಂತಿತ್ತಂತೆ. ಮಗ ಊರಿಗೆ ಬಂದಾಗ ಬಿಚ್ಚಿ ತೆಗೆದಿದ್ದಾನೆ. ತೆಗೆದದ್ದು ಸರಿಯೇ, ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಒಳಗೆ ಇಟ್ಟುಕೊಂಡಿರುವುದು ಬೆಂಕಿಯ ಜೊತೆ ಆಟ. ಆದರೆ ಹೊಸದು ಹಾಕಿಸಲಿಲ್ಲ. ಅಂದಿನಿಂದ ಲ್ಯಾಪ್‌ಟಾಪ್ ಅಡಾಪ್ಟರಿನ ಮೇಲೆಯೇ ಓಡುತ್ತಿತ್ತು. ಕರೆಂಟ್ ಹೋದ ಕೂಡಲೇ ತಟಕ್ಕನೆ ಆರಿಹೋಗುವ ಲ್ಯಾಪ್‌ಟಾಪ್.

ಈ ಮೇ ತಿಂಗಳಲ್ಲಿ ಹಾರ್ಡ್‌ಡಿಸ್ಕ್ ತೀರಾ ನಿಧಾನವಾಯಿತೆಂದು ಶಿವಮೊಗ್ಗದಲ್ಲಿ ಅದರ ಬದಲು ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಹೊಸದಾಗಿ ಕೂರಿಸಿ, ಹಳೆಯ ಕಡತಗಳನ್ನೆಲ್ಲ ನಕಲು ಮಾಡಿಸಿ ತಂದರು. ಬೆರಳುದ್ದದ ಎನ್‌ವಿಎಂಇ ಎಸ್‌ಎಸ್‌ಡಿ. ಎರಡು ವಾರ ಕುದುರೆಯ ಹಾಗೆ ಓಡಿತು. ಮೃಗಶಿರ ಮಳೆ ಹಿಡಿದ ಮೇಲೆ ತಕರಾರು ಶುರುವಾಯಿತು. ಒಂದು ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ. ಪಕ್ಕದ ಮನೆಯ ಡಿಪ್ಲೊಮಾ ಓದುವ ಹುಡುಗ ಬಂದು "ಎಂತದೋ ನೀಲಿ ಪುಟದಲ್ಲಿ ಎಂತದೋ ಒತ್ತಿ" ಸರಿ ಮಾಡಿಕೊಟ್ಟ. ಮತ್ತೆ ಹಾಳಾಯಿತು, ಮತ್ತೆ ಬಂದ. ಹೀಗೆ ಮೂರು ಸಲ. ಆಮೇಲೆ ಹುಡುಗ ಕಾಲೇಜು ಶುರುವಾಗಿ ಹಾಸ್ಟೆಲ್ಲಿಗೆ ಹೋದ. ಮೇಷ್ಟ್ರು ಬೇರೆ ಅಂಗಡಿಗೆ ಹೋದರು. ಹನ್ನೊಂದು ಸಾವಿರದ ಮಾತು ಅಲ್ಲಿ ಹುಟ್ಟಿದ್ದು.

ಹುಡುಗನ ಮಾತು ಬಂದಾಗ ನಾನು ತಲೆಯಾಡಿಸಿ ಮುಂದೆ ಹೋದೆ. ಯೂಟ್ಯೂಬ್ ನೋಡಿ ಏನೋ ಮಾಡುವ ಹುಡುಗರು ಎಲ್ಲ ಊರಲ್ಲೂ ಇದ್ದಾರೆ. ಏನು ಒತ್ತುತ್ತಿದ್ದ ಎಂದು ಅಂದೇ ಒಂದು ಫೋನ್ ಮಾಡಿ ಕೇಳಿದ್ದರೆ ಈ ಬರಹ ಅರ್ಧಕ್ಕೆ ಮುಗಿಯುತ್ತಿತ್ತು.

ಅಂಗಡಿಯ ಮೇಜಿನ ಮೇಲೆ

"ಸ್ಟಾರ್ಟ್ ಆಗೂದಿಲ್ಲ" ಎಂದು ಬರುವವರ ಮಾತಿಗೆ ಐದಾರು ಅರ್ಥ ಇರುತ್ತದೆ. ದೀಪವೇ ಹತ್ತದಿದ್ದರೆ ಅಡಾಪ್ಟರು, ಅದರ ಪಿನ್ನು, ಬೋರ್ಡಿನ ಪವರ್ ಭಾಗ. ದೀಪ ಹತ್ತಿ ಫ್ಯಾನ್ ತಿರುಗಿ ಪರದೆ ಕಪ್ಪಗಿದ್ದರೆ ಮೊದಲು ರ್ಯಾಮ್, ಆಮೇಲೆ ಡಿಸ್ಪ್ಲೇ. ಕಂಪನಿಯ ಲೋಗೋ ಬಂದು ಅಲ್ಲೇ ಕೂತರೆ ಬೇರೆ ದಾರಿ. ಲೋಗೋ ದಾಟಿ ಚುಕ್ಕೆ ಸುತ್ತಿ ಆಮೇಲೆ ಎಡವಿದರೆ ಡಿಸ್ಕು ಅಥವಾ ವಿಂಡೋಸ್. ಡೆಸ್ಕ್‌ಟಾಪ್ ಬಂದ ಮೇಲೆ ಹೆಪ್ಪುಗಟ್ಟಿದರೆ ಮತ್ತೊಂದು ಕಥೆ.

ಮೇಷ್ಟ್ರದ್ದು ನಾಲ್ಕನೆಯದು. ಲೋಗೋ ಬಂತು, ಚುಕ್ಕೆ ಸುತ್ತಿತು, ದುಃಖದ ಮುಖ ಇರುವ ನೀಲಿ ಪರದೆ ಒಂದು ಕ್ಷಣ ಮಿಂಚಿ ಮತ್ತೆ ಲೋಗೋ. ಎರಡು ಮೂರು ಸುತ್ತು ಹೀಗಾದ ಮೇಲೆ "ಆಟೊಮ್ಯಾಟಿಕ್ ರಿಪೇರಿ" ಎಂದು ಬಂದು, ರಿಪೇರಿ ಆಗಲಿಲ್ಲ ಎಂದು ಕೈಯೆತ್ತಿತು. ನೀಲಿ ಪರದೆಯನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ ನಿಲ್ಲಿಸಿ ಓದಿದೆ: "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್". ಬೂಟ್ ಆಗಬೇಕಾದ ಡಿಸ್ಕು ಕೈಗೆ ಸಿಗುತ್ತಿಲ್ಲ ಎಂದರ್ಥ.

ಇಷ್ಟು ದೂರ ಬಂದ ಯಂತ್ರದ ಮದರ್‌ಬೋರ್ಡ್ ಹೋಗಿದೆ ಎನ್ನಲು ನನಗೆ ಧೈರ್ಯ ಇಲ್ಲ. ಪ್ರೊಸೆಸರ್, ರ್ಯಾಮ್, ಪರದೆ ಎಲ್ಲವೂ ತಮ್ಮ ಪಾಲಿನ ಕೆಲಸ ಮಾಡಿ ಆಗಿತ್ತು.

ಆದರೂ ಮಲೆನಾಡಿನ ರಿಪೇರಿಯವನ ಕೈ ಮಳೆಗಾಲದಲ್ಲಿ ತಾನಾಗಿ ಸ್ಕ್ರೂಡ್ರೈವರ್ ಕಡೆ ಹೋಗುತ್ತದೆ. ಆಗುಂಬೆ ಪಕ್ಕದಲ್ಲಿದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಜಾಗ. ಆಷಾಢದಲ್ಲಿ ಬಟ್ಟೆಗೆ, ಚಪ್ಪಲಿಗೆ, ದೇವರ ಫೋಟೊದ ಗಾಜಿನೊಳಗೆ ಬೂಷ್ಟು ಹಿಡಿಯುವ ಹಾಗೆ ಲ್ಯಾಪ್‌ಟಾಪಿನೊಳಗೂ ಹಿಡಿಯುತ್ತದೆ. ಕನೆಕ್ಟರಿನ ಕಾಲುಗಳ ಮೇಲೆ ಹಸಿರು, ಸ್ಕ್ರೂ ತಲೆಯ ಮೇಲೆ ಬಿಳಿ, ಫ್ಯಾನಿನಲ್ಲಿ ಒದ್ದೆ ಹತ್ತಿಯಂಥ ಧೂಳು. ಲ್ಯಾಪ್‌ಟಾಪನ್ನು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಇಟ್ಟು, ಹೊಗೆಯ ಜಿಡ್ಡು ಹಿಡಿಸಿ ತಂದವರನ್ನೂ ಕಂಡಿದ್ದೇನೆ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟವರದು ಇನ್ನೂ ಕಷ್ಟ. ತೇವ ಎಷ್ಟು ಹೀರುತ್ತದೋ, ಅಕ್ಕಿಯ ಹಿಟ್ಟಂತೂ ಫ್ಯಾನಿನ ಬೇರಿಂಗಿಗೆ ಹೋಗುತ್ತದೆ. ಮೇಷ್ಟ್ರು ಇದ್ಯಾವುದನ್ನೂ ಮಾಡಿರಲಿಲ್ಲ. ಟ್ರಂಕಿನ ಮೇಲೆ ಬಟ್ಟೆ ಹೊದಿಸಿ ಇಡುತ್ತಿದ್ದರು, ಒಳಗೆ ಸ್ವಚ್ಛವಾಗಿತ್ತು. ರ್ಯಾಮ್ ಬಿಚ್ಚಿ ಹಾಕಿದೆ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಕಾಲು ಒರೆಸಿದೆ. ನನ್ನ ಅಭ್ಯಾಸದಂತೆ, ವಿಂಡೋಸಿಗೂ ಮೊದಲು ಎದ್ದು ಯಂತ್ರವನ್ನು ಅಣಿ ಮಾಡುವ ಬಯೋಸ್‌ನ ಗುಂಡಿ ಸೆಲ್ಲಿನ ಪ್ಲಗ್ಗನ್ನು ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಸಿಕ್ಕಿಸಿದೆ. ಈ ಕೊನೆಯ ಕೆಲಸ ನೆನಪಿಟ್ಟುಕೊಳ್ಳಿ. ನನ್ನ ಕಣ್ಣಿಗೆ ನಾನೇ ಮಣ್ಣೆರಚಿಕೊಂಡದ್ದು ಅಲ್ಲಿ.

ಏನೂ ಬದಲಾಗಲಿಲ್ಲ. ಎಸ್‌ಎಸ್‌ಡಿಯನ್ನು ಹೊರಗೆ ತೆಗೆದು ಯುಎಸ್‌ಬಿ ಪೆಟ್ಟಿಗೆಯಲ್ಲಿ ಹಾಕಿ ನನ್ನ ಯಂತ್ರಕ್ಕೆ ಚುಚ್ಚಿದೆ. ಆರೋಗ್ಯ ನೂರಕ್ಕೆ ನೂರು, ಕಡತಗಳೆಲ್ಲ ಇದ್ದವು. ಬೇರೆ ಏನು ಮಾಡುವ ಮೊದಲೂ ಎಲ್ಲವನ್ನೂ ನಕಲು ಮಾಡಿಕೊಂಡೆ. ರಿಪೇರಿ ಆಗದಿದ್ದರೆ ಬೈಸಿಕೊಳ್ಳಬಹುದು, ಕಡತ ಹೋದರೆ ಮುಖ ತೋರಿಸಲಾಗದು. ನಕಲಾಗುವಾಗ ಒಂದು ವಿಚಿತ್ರ ಕಂಡಿತು. ಹೋದ ವರ್ಷದ ಕೊಳೆ ಔಷಧಿಯ ಲೆಕ್ಕದ ಕಡತ, ಮೈಲುತುತ್ತು ಇಷ್ಟು, ಸುಣ್ಣ ಇಷ್ಟು, ಮರ ಹತ್ತಿದವನ ಕೂಲಿ ಇಷ್ಟು ಎಂದೆಲ್ಲ ಬರೆದದ್ದು. ಅದರ ತಾರೀಖು ಜನವರಿ 2018 ಎಂದಿತ್ತು. ಆಗ ಈ ಯಂತ್ರ ಮೇಷ್ಟ್ರ ಕೈಗೇ ಬಂದಿರಲಿಲ್ಲ. ನಕಲು ಮಾಡುವಾಗ ಏನೋ ಎಡವಟ್ಟಾಗಿರಬೇಕು ಎಂದುಕೊಂಡು ಬಿಟ್ಟುಬಿಟ್ಟೆ.

ಎಸ್‌ಎಸ್‌ಡಿಯನ್ನು ವಾಪಸ್ ಕೂರಿಸಿ ಪೆನ್‌ಡ್ರೈವಿನಿಂದ ವಿಂಡೋಸಿಗೆ ಬದಲಾಗಿ ಓಡಿಸಬಹುದಾದ ಲಿನಕ್ಸ್ ಎಬ್ಬಿಸಿದೆ. ಹೊರಗೆ ಗುಂಡುಕಲ್ಲಿನ ಹಾಗಿದ್ದ ಡಿಸ್ಕು ಒಳಗೆ ಕಾಣಿಸಲೇ ಇಲ್ಲ. ಆದರೆ ಲಿನಕ್ಸಿಗೆ ಒಂದು ಒಳ್ಳೆಯ ಗುಣ ಇದೆ, ಹೊಟ್ಟೆಯಲ್ಲಿದ್ದದ್ದನ್ನು ದಾಖಲೆಯಲ್ಲಿ ಕಕ್ಕುತ್ತದೆ. ಕರ್ನಲ್ ದಾಖಲೆಯಲ್ಲಿ ಹುಡುಕಿದರೆ ಒಂದು ಸಾಲು ಇತ್ತು: ಮರೆಗೆ ಸರಿಸಿದ ಒಂದು ಎನ್‌ವಿಎಂಇ ಸಾಧನ ಕಂಡಿದೆ, ಅದನ್ನು ಬಳಸಬೇಕಾದರೆ ಬಯೋಸ್‌ನಲ್ಲಿ ರೇಡ್ ತೆಗೆದು ಎಎಚ್‌ಸಿಐ ಮಾಡಿ.

ಇದರ ಒಳಮರ್ಮ ಹೀಗೆ. ಡಿಸ್ಕಿನ ಜೊತೆ ಯಾವ ಪದ್ಧತಿಯಲ್ಲಿ ವ್ಯವಹರಿಸಬೇಕು ಎಂಬುದಕ್ಕೆ ಈ ಕಾಲದ ಬಹಳ ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ ಎರಡು ಆಯ್ಕೆ, ರೇಡ್ ಮತ್ತು ಎಎಚ್‌ಸಿಐ. ರೇಡ್ ಇದ್ದಾಗ ಎನ್‌ವಿಎಂಇ ಡಿಸ್ಕು ಇಂಟೆಲ್ ನಿಯಂತ್ರಕದ ಬೆನ್ನ ಹಿಂದೆ ಅಡಗುತ್ತದೆ, ಇಂಟೆಲ್ ಡ್ರೈವರ್ (ಆ ನಿಯಂತ್ರಕದ ಜೊತೆ ಮಾತಾಡುವ ತಂತ್ರಾಂಶ) ಇದ್ದವರಿಗೆ ಮಾತ್ರ ಕಾಣುತ್ತದೆ. ವಿಂಡೋಸ್ ತನ್ನನ್ನು ಕೂರಿಸುವಾಗ ಯಾವ ಪದ್ಧತಿ ಇತ್ತೋ ಅದಕ್ಕೆ ಬೇಕಾದ ಡ್ರೈವರನ್ನಷ್ಟೇ ಬೂಟ್ ಹೊತ್ತಿಗೆ ಎಬ್ಬಿಸುತ್ತದೆ. ಆಮೇಲೆ ಪದ್ಧತಿ ಬದಲಾದರೆ, ಬಯೋಸ್ ಕೈಹಿಡಿದು ನಡೆಸುವಷ್ಟು ದೂರ ಬರುತ್ತದೆ, ಕೈ ಬಿಟ್ಟ ಕೂಡಲೇ ಡಿಸ್ಕು ಕಾಣದೆ ಬೀಳುತ್ತದೆ. ಲೋಗೋ ಮತ್ತು ಚುಕ್ಕೆಗಳವರೆಗೆ ಎಲ್ಲ ಚೆನ್ನಾಗಿದ್ದು ಆಮೇಲೆ ಎಡವುವುದು ಅದಕ್ಕೇ. ರಿಪೇರಿ ಪುಟ ಮಾತ್ರ ಹೇಗೆ ಬರುತ್ತದೆ ಎಂದರೆ, ಅದು ಮೊದಲೇ ಇಡಿಯಾಗಿ ರ್ಯಾಮ್‌ಗೆ ಬಂದು ಕೂತಿರುತ್ತದೆ. ಬಂದರೂ ರಿಪೇರಿ ಮಾಡಬೇಕಾದ ಡಿಸ್ಕು ಅದರ ಕಣ್ಣಿಗೂ ಬೀಳುವುದಿಲ್ಲ.

ಶಿವಮೊಗ್ಗದಲ್ಲಿ ಏನಾಗಿತ್ತು ಎಂಬುದೂ ಊಹೆಗೆ ಸಿಕ್ಕಿತು. ವಿಂಡೋಸ್ ಹಾಕುವ ಪೆನ್‌ಡ್ರೈವಿಗೆ ಹೊಸ ಎಸ್‌ಎಸ್‌ಡಿ ಕಂಡಿರಲಿಕ್ಕಿಲ್ಲ. ಎಎಚ್‌ಸಿಐ ಮಾಡಿದಾಗ ಕಂಡಿತು, ಹಾಕಿದರು. ತಪ್ಪು ಎನ್ನಲಾರೆ, ನಾನೂ ಎಷ್ಟೋ ಸಲ ಹಾಗೆಯೇ ಮಾಡಿದ್ದೇನೆ.

ಬಯೋಸ್‌ಗೆ ಹೋದೆ. ರೇಡ್ ಎಂದೇ ಇತ್ತು. ಎಎಚ್‌ಸಿಐ ಮಾಡಿದೆ. ವಿಂಡೋಸ್ ಏನೂ ಆಗಿಲ್ಲವೆಂಬಂತೆ ಎದ್ದಿತು. ತಾರೀಖು 2018 ತೋರಿಸುತ್ತಿತ್ತು. ಸೆಲ್ಲಿನ ಪ್ಲಗ್ಗು ಕಿತ್ತವನು ನಾನೇ ಅಲ್ಲವೇ, ಅದಕ್ಕೇ ಎಂದುಕೊಂಡು ಕೈಯಾರೆ ಸರಿ ಮಾಡಿದೆ.

ಇಂಥ ಆಯ್ಕೆ ಬದಲಿಸುವ ಮುನ್ನ, ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಇದೆಯೇ ಎಂದು ನೋಡಿಕೊಳ್ಳುವುದನ್ನು ಮರೆಯಬಾರದು. ಇದ್ದರೆ ಬಯೋಸ್ ಬದಲಾದ ಕೂಡಲೇ 48 ಅಂಕಿಯ ಕೀ ಕೇಳಿ ಕೂರಬಹುದು, ಆ ಕೀ ಯಾವ ಅಕೌಂಟಿನಲ್ಲಿದೆ ಎಂದು ಊರಿನ ಮೇಷ್ಟ್ರಿಗೆ ಗೊತ್ತಿರುವುದಿಲ್ಲ. ಇಲ್ಲಿ ಇರಲಿಲ್ಲ.

ಮೇಷ್ಟ್ರು ಐನೂರರ ನೋಟು ಕೊಟ್ಟರು. ತಗೊಂಡೆ. ಹನ್ನೊಂದು ಸಾವಿರ ಉಳಿಯಿತಲ್ಲ ಎಂದು ಇಬ್ಬರಿಗೂ ಖುಷಿ. ಆ ಆಯ್ಕೆಯನ್ನು ರೇಡ್‌ಗೆ ಬದಲಿಸಿದವರು ಯಾರು ಎಂದು ನಾನು ಕೇಳಿಕೊಳ್ಳಲಿಲ್ಲ.

ಆರು ದಿನ

ಪುಷ್ಯ ಮಳೆ ಶುರುವಾಗಿತ್ತು. ಬೆಳಿಗ್ಗೆ ಫೋನ್. ಮೇಷ್ಟ್ರ ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ತೋಟದ ಮೇಲಿನ ದರೆ ಹತ್ತಿ ನಿಂತು ಮಾತಾಡಬೇಕು. ಗಾಳಿಯ ಸದ್ದಿನ ನಡುವೆ "ಮತ್ತೆ ಅದೇ ಕಥೆ" ಎಂಬುದಷ್ಟೇ ಕೇಳಿತು, ಕಟ್ಟಾಯಿತು.

ಮಾರನೆಯ ದಿನ ಅಂಗಡಿ ಹುಡುಗನಿಗೆ ಬಿಟ್ಟು ನಾನೇ ಹೋದೆ. ಬಸ್ಸಿಳಿದು ನಡೆಯುವಷ್ಟರಲ್ಲಿ ಉಂಬಳ ಎರಡೂ ಕಾಲನ್ನು ಹಂಚಿಕೊಂಡಿದ್ದವು. ಮೇಷ್ಟ್ರ ಹೆಂಡತಿ ಸುಣ್ಣ ಕೊಟ್ಟರು, ಆಮೇಲೆ ಕಷಾಯ ಕೊಟ್ಟರು. ಲ್ಯಾಪ್‌ಟಾಪ್ ಹಚ್ಚಿ ಬಯೋಸ್ ನೋಡಿದರೆ ಆಯ್ಕೆ ಮತ್ತೆ ರೇಡ್‌ಗೆ ಹೋಗಿತ್ತು. ಎಎಚ್‌ಸಿಐ ಮಾಡಿದೆ, ಎದ್ದಿತು. ಎರಡು ನಿಮಿಷದ ಕೆಲಸ.

ಬೆನ್ನ ಹಿಂದೆ ನಿಂತಿದ್ದ ಮೇಷ್ಟ್ರು ಹೇಳಿದರು: "ಆ ಹುಡುಗ ಮಾಡ್ತಿದ್ದದ್ದೂ ಇದೇ. ಇದೇ ನೀಲಿ ಪುಟ, ಇದೇ ಸಾಲು. ಹಾಗಾದ್ರೆ ಅವನಿಗೂ ನಿಂಗೂ ಎಂತ ವ್ಯತ್ಯಾಸ? ಅವ ದುಡ್ಡು ತಗೊಳ್ತಿರ್ಲಿಲ್ಲ."

ಅರ್ಧ ಮಾರ್ಕು ಹೋಯಿತು.

ಕೂತು ಯೋಚಿಸಿದೆ. ಈ ಆಯ್ಕೆ ತಾನಾಗಿ ಬದಲಾಗಬೇಕಾದರೆ ಯಾರಾದರೂ ಬದಲಿಸಬೇಕು, ಇಲ್ಲವೇ ಬಯೋಸ್ ಅಪ್‌ಡೇಟ್ ಆಗಿರಬೇಕು, ಇಲ್ಲವೇ ಬಯೋಸ್ ಎಲ್ಲವನ್ನೂ ಮರೆತು ಕಂಪನಿಯಿಂದ ಬಂದಾಗಿನ ಸ್ಥಿತಿಗೆ ಮರಳುತ್ತಿರಬೇಕು. ಮನೆಯಲ್ಲಿ ಅದನ್ನು ಮುಟ್ಟುವವರು ಮೇಷ್ಟ್ರೊಬ್ಬರೇ. ನೆಟ್ಟೇ ಇಲ್ಲದಲ್ಲಿ ಅಪ್‌ಡೇಟ್ ಎಲ್ಲಿಂದ ಬರಬೇಕು? ಉಳಿದದ್ದು ಮರೆವು. ಮರೆವಿಗೆ ಹೊತ್ತು ಗೊತ್ತು ಇರಬೇಕಲ್ಲ.

"ಮೇಷ್ಟ್ರೇ, ಯಾವ್ಯಾವ ದಿನ ಸ್ಟಾರ್ಟ್ ಆಗ್ಲಿಲ್ಲ ಅಂತ ನೆನಪಿದ್ಯಾ?"

"ನೆನಪು ಎಂತಕ್ಕೆ? ಬರೆದದ್ದೇ ಉಂಟು."

ಮಳೆ ಪುಸ್ತಕ

ಉದ್ದನೆಯ ಲೆಕ್ಕದ ಪುಸ್ತಕ, ರಟ್ಟಿಗೆ ಖಾಕಿ ಹೊದಿಕೆ. ಅಂಗಳದ ನಡುವೆ ಮಳೆಮಾಪಕ ಇಟ್ಟುಕೊಂಡು ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಾರೆ. ಹವಾಮಾನ ಇಲಾಖೆಯವರು ದಿನದ ಮಳೆ ಲೆಕ್ಕ ಮಾಡುವುದೂ ಅದೇ ಹೊತ್ತಿಗೆ ಎಂಬುದು ಅವರ ಹೆಮ್ಮೆ. ತಾರೀಖು, ಮಳೆ ನಕ್ಷತ್ರ, ಮಿಲಿಮೀಟರ್, ಕೊನೆಗೆ ಅಗಲವಾದ ಷರಾ ಕಾಲಂ. ನಮ್ಮ ಕಡೆ ತೋಟ ಇರುವ ಎಷ್ಟೋ ಮನೆಗಳಲ್ಲಿ ಇಂಥ ಪುಸ್ತಕ ಇದೆ. ಮೇಷ್ಟ್ರ ಷರಾ ಮಾತ್ರ ಬೇರೆಯವರಿಗಿಂತ ಉದ್ದ. "ಗಾಳಿ ಜೋರು, ಎರಡು ಮರ ಮುರಿಯಿತು." "ಕರೆಂಟ್ ರಾತ್ರಿ 9ಕ್ಕೆ ಹೋಗಿ ಬೆಳಿಗ್ಗೆ 11ಕ್ಕೆ ಬಂತು." "ಲೈನ್ ಮೇಲೆ ಮರ, ದಿನವಿಡೀ ಇಲ್ಲ." "ಲ್ಯಾ. ಸ್ಟಾ. ಇಲ್ಲ."

ಮೃಗಶಿರದಿಂದ ಈಚೆಗೆ ಪುಟ ತಿರುಗಿಸಿದೆವು. ಅವರು ಓದಿದರು, ನಾನು ಬಿಳಿ ಹಾಳೆಯಲ್ಲಿ ಬರೆದೆ. ಲ್ಯಾಪ್‌ಟಾಪ್ ಕೈಕೊಟ್ಟ ಬೆಳಗುಗಳು ಐದು. ಐದಕ್ಕೂ ಹಿಂದಿನ ರಾತ್ರಿ ಎಂಟು ಗಂಟೆಗೂ ಹೆಚ್ಚು ಹೊತ್ತು ಕರೆಂಟ್ ಇರಲಿಲ್ಲ. ಒಂದೆರಡು ಗಂಟೆ ಹೋಗಿ ಬಂದ ದಿನಗಳು ಲೆಕ್ಕವಿಲ್ಲದಷ್ಟಿದ್ದವು, ಅವುಗಳಲ್ಲಿ ಒಂದು ಸಲವೂ ತೊಂದರೆ ಆಗಿರಲಿಲ್ಲ.

ಒಂದು ದಿನ ಮಾತ್ರ ಲೆಕ್ಕಕ್ಕೆ ಬಗ್ಗಲಿಲ್ಲ. ಆರಿದ್ರಾ ಮಳೆಯ ಒಂದು ರಾತ್ರಿ ಪೂರ್ತಿ ಕರೆಂಟ್ ಇಲ್ಲ, ಆದರೂ ಬೆಳಿಗ್ಗೆ ಲ್ಯಾಪ್‌ಟಾಪ್ ಎದ್ದಿದೆ. ಹದಿನೈದು ನಿಮಿಷ ಅದರ ಮೇಲೆಯೇ ಕೂತೆವು. ಕೊನೆಗೆ ಮೇಷ್ಟ್ರ ಹೆಂಡತಿ ಅಡುಗೆಮನೆಯಿಂದಲೇ ಹೇಳಿದರು: "ಅವತ್ತು ನೀವು ಇನ್ವರ್ಟರಿಗೆ ಹಾಕ್ಕೊಂಡು ಬರೀತಿದ್ರಲ್ಲ. ಬೆಳಿಗ್ಗೆ ನಂಗೆ ಲೈಟೇ ಇರ್ಲಿಲ್ಲ." ಇನ್ವರ್ಟರಿಗೆ ಚುಚ್ಚಿದ ವಯರನ್ನು ತೆಗೆಯದೇ ಮಲಗಿದ್ದರು. ಲ್ಯಾಪ್‌ಟಾಪಿಗೆ ರಾತ್ರಿಯ ಬಹುಭಾಗ ವಿದ್ಯುತ್ ಇತ್ತು. ಲೆಕ್ಕ ಕೂಡಿತು.

ಆಗ ಹಳೆಯದೆಲ್ಲ ಒಂದೊಂದಾಗಿ ಸಾಲಿಗೆ ಬಂತು. ಜನವರಿ 2018ರ ಕಡತ. ನಾನೇ ಸರಿ ಮಾಡಿದ ತಾರೀಖು. ಮೇಷ್ಟ್ರೂ ಒಂದು ಸೇರಿಸಿದರು. ಹೋದ ವರ್ಷ ಮೊಬೈಲಿನ ನೆಟ್ ಕೊಟ್ಟು ಪಹಣಿ ನೋಡಲು ಹೋದಾಗ, ನಿಮ್ಮ ಗಡಿಯಾರ ಹಿಂದಿದೆ ಎಂದು ಬ್ರೌಸರ್ ಹೇಳಿತ್ತಂತೆ. "ನಾನು ಕೈಗಡಿಯಾರ ನೋಡಿದೆ, ರೇಡಿಯೊಕ್ಕೆ ಸರಿಯಾಗಿತ್ತು. ಇದಕ್ಕೆ ತಲೆ ಕೆಟ್ಟಿದೆ ಅಂತ ಮುಚ್ಚಿಟ್ಟೆ." ಜಾಲತಾಣದ ಭದ್ರತಾ ಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಇರುತ್ತದೆ. ಯಂತ್ರದ ತಾರೀಖು ಏಳು ವರ್ಷ ಹಿಂದಿದ್ದರೆ ಆ ಪತ್ರ ಇನ್ನೂ ಹುಟ್ಟಿಯೇ ಇರುವುದಿಲ್ಲ.

ಗುಂಡಿ ಸೆಲ್ಲು

ಲ್ಯಾಪ್‌ಟಾಪಿಗೆ ಅಡಾಪ್ಟರೂ ಇಲ್ಲದೆ ಬ್ಯಾಟರಿಯೂ ಇಲ್ಲದಾಗ ಗಡಿಯಾರವನ್ನು ನಡೆಸುವುದು, ಈ ಮಾದರಿಯಲ್ಲಿ ಬಯೋಸ್‌ನ ನೆನಪನ್ನೂ ಕಾಯುವುದು, ಎಂಟಾಣೆಗಿಂತ ಚೂರು ಕಮ್ಮಿ ಅಗಲದ ಒಂದು ಗುಂಡಿ ಸೆಲ್ಲು. ಸಿಆರ್2032, 3 ವೋಲ್ಟ್. ಅದರಿಂದ ಹೋಗುವ ವಿದ್ಯುತ್ತು ಕೆಲವೇ ಮೈಕ್ರೊಆಂಪಿಯರ್. ದೊಡ್ಡ ಬ್ಯಾಟರಿ ಇರುವ ಲ್ಯಾಪ್‌ಟಾಪಿನಲ್ಲಿ ಇದಕ್ಕೆ ಕೆಲಸವೇ ಕಮ್ಮಿ, ವರ್ಷಗಟ್ಟಲೆ ಬಾಳುತ್ತದೆ. ಇಲ್ಲಿ ದೊಡ್ಡ ಬ್ಯಾಟರಿ ತೆಗೆದು ವರ್ಷ ಕಳೆದಿತ್ತು. ಕರೆಂಟ್ ಹೋದಾಗಲೆಲ್ಲ ಭಾರ ಪೂರ್ತಿ ಆ ಮುದಿ ಸೆಲ್ಲಿನ ಮೇಲೆ.

ಲ್ಯಾಪ್‌ಟಾಪನ್ನು ಅಂಗಡಿಗೆ ತಂದು ಸೆಲ್ಲನ್ನು ಮೀಟರಿಗೆ ಹಿಡಿದರೆ 2.7 ವೋಲ್ಟ್. "ಸರಿ ಉಂಟಲ್ಲ ಅಣ್ಣ" ಎಂದ ಅಂಗಡಿಯ ಹುಡುಗ. ಬರೀ ಮೀಟರಿನ ಮಾತು ಕೇಳಿದರೆ ನಾನೂ ಹಾಗೆಯೇ ಅನ್ನುತ್ತಿದ್ದೆ. ಒಂದು ಕಿಲೊಓಮ್‌ನ ರೆಸಿಸ್ಟರನ್ನು ಅಡ್ಡ ಹಿಡಿದು ನೋಡಿದೆವು. ನೋಡನೋಡುತ್ತ 2ಕ್ಕಿಂತ ಕೆಳಗೆ ಇಳಿಯಿತು. ರೆಸಿಸ್ಟರ್ ತೆಗೆದು ಸುಮ್ಮನೆ ಬಿಟ್ಟರೆ ಮೆಲ್ಲಗೆ ಮತ್ತೆ ಏರಿತು. ಪೇಟೆಯ ವಾಚ್ ಅಂಗಡಿಯಿಂದ ಹೊಸ ಸೆಲ್ ತಂದು ಅದೇ ರೆಸಿಸ್ಟರ್ ಹಿಡಿದರೆ 3ರ ಹತ್ತಿರವೇ ನಿಂತಿತು.

ವರಸೆ ವಿಚಿತ್ರವಾಗಿ ಕಂಡದ್ದು ಈ ಕಾರಣಕ್ಕೇ. ಸೆಲ್ಲು ಪೂರ್ತಿ ಸತ್ತಿದ್ದರೆ ಅಡಾಪ್ಟರ್ ತೆಗೆದ ಪ್ರತಿ ಸಲವೂ ಕೈಕೊಡುತ್ತಿತ್ತು, ಮೊದಲ ದಿನವೇ ಗೊತ್ತಾಗುತ್ತಿತ್ತು. ಇದು ಅರೆಜೀವದ ಸೆಲ್ಲು. ಕರೆಂಟ್ ಇರುವಾಗ ಸುಧಾರಿಸಿಕೊಂಡು, ಬಸ್ಸಿನ ದಾರಿಯ ಎರಡು ಗಂಟೆಯನ್ನು ಹೇಗೋ ದಾಟುತ್ತಿತ್ತು. ಹಾಗಾಗಿ ನನ್ನ ಅಂಗಡಿಯಿಂದ ಮೇಷ್ಟ್ರ ಮನೆಗೆ ಹೋದ ಮೇಲೂ ಯಂತ್ರ ಎದ್ದಿತು, ನನ್ನ ಮರ್ಯಾದೆ ಆರು ದಿನ ಉಳಿಯಿತು. ಚಳಿಯ ರಾತ್ರಿಯ ಹತ್ತು ಹನ್ನೆರಡು ಗಂಟೆ ಮಾತ್ರ ಅದಕ್ಕೆ ಮೀರಿದ್ದು. ಕುಸಿದ ಕೂಡಲೇ ಬಯೋಸ್ ತಾರೀಖನ್ನು 2018ಕ್ಕೂ ಡಿಸ್ಕಿನ ಆಯ್ಕೆಯನ್ನು ರೇಡ್‌ಗೂ ಮರಳಿಸುತ್ತಿತ್ತು.

ಎಲ್ಲ ಲ್ಯಾಪ್‌ಟಾಪ್‌ಗಳೂ ಹೀಗಲ್ಲ. ಹಲವು ಯಂತ್ರಗಳಲ್ಲಿ ಆಯ್ಕೆಗಳು ಫ್ಲ್ಯಾಶ್ ಚಿಪ್‌ನಲ್ಲಿ ಇರುವುದರಿಂದ ಸೆಲ್ ಹೋದರೆ ಗಡಿಯಾರವಷ್ಟೇ ಹೋಗುತ್ತದೆ. ಕೆಲವು ಯಂತ್ರಗಳು, ತಾರೀಖು ಹೋಗಿದೆ, ಸರಿ ಮಾಡಿ ಎಂದು ಲೋಗೋ ಹೊತ್ತಿಗೇ ಎಚ್ಚರಿಸುತ್ತವೆ. ಇದು ತುಟಿ ಬಿಚ್ಚದ ಜಾತಿ.

ನನಗೆ ಇಡೀ ಪ್ರಕರಣದಲ್ಲಿ ಹಿಡಿಸಿದ್ದು ಮುಂದಿನ ಮಾತು. ಕಡತಗಳ ತಾರೀಖು ನೋಡಿದರೆ ಸೆಲ್ಲು ಹೋದ ವರ್ಷದ ಮಳೆಗಾಲದಲ್ಲೇ ಸೋಲತೊಡಗಿತ್ತು. ಆಗ ಯಾಕೆ ಯಂತ್ರ ನಿಲ್ಲಲಿಲ್ಲ? ಹಳೆಯ ಹಾರ್ಡ್‌ಡಿಸ್ಕಿನಲ್ಲಿದ್ದ ವಿಂಡೋಸ್ ಕಂಪನಿಯೇ ರೇಡ್‌ನಲ್ಲಿ ಕೂರಿಸಿದ್ದು. ಬಯೋಸ್ ಎಲ್ಲ ಮರೆತು ಮೂಲಕ್ಕೆ ಮರಳಿದರೂ ಅಲ್ಲಿ ಸಿಗುತ್ತಿದ್ದದ್ದು ಅದೇ ರೇಡ್. ರೋಗ ಇತ್ತು, ನೋವಿರಲಿಲ್ಲ. ಮೇ ತಿಂಗಳಲ್ಲಿ ಎಎಚ್‌ಸಿಐ ಮಾಡಿ ಹೊಸ ವಿಂಡೋಸ್ ಹಾಕಿದ ಮೇಲೆ ಅದೇ ಮರೆವು ಯಂತ್ರವನ್ನು ಕೆಡವತೊಡಗಿತು. ಎಸ್‌ಎಸ್‌ಡಿ ಹಾಕಿಸಿದ್ದರಿಂದಲೇ ಹಾಳಾಯ್ತು ಎಂದು ಮೇಷ್ಟ್ರ ಹೆಂಡತಿ ಮೊದಲಿನಿಂದ ಹೇಳುತ್ತಿದ್ದರಂತೆ. ಅವರ ಮಾತು ಒಂದು ಲೆಕ್ಕದಲ್ಲಿ ಸರಿಯೇ.

ಮದ್ದು

ಸೆಲ್ಲು ಬದಲಿಸುವುದು ಸುಲಭ ಎನ್ನಿಸಬಹುದು. ಲ್ಯಾಪ್‌ಟಾಪಿನ ಸೆಲ್ಲಿಗೆ ಎರಡು ವಯರು, ಪುಟ್ಟ ಪ್ಲಗ್ಗು, ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ವಾಚ್ ಅಂಗಡಿಯ ಬೋಳು ಸೆಲ್ಲು ಅದಕ್ಕೆ ನೇರವಾಗಿ ಆಗುವುದಿಲ್ಲ. ಹಳೆಯ ವಯರನ್ನು ಹೊಸ ಸೆಲ್ಲಿಗೆ ಬೆಸುಗೆ ಹಾಕುವವರಿದ್ದಾರೆ, ಬೇಡ. ಲಿಥಿಯಂ ಸೆಲ್ಲಿಗೆ ಬಿಸಿ ಕಬ್ಬಿಣ ತಾಗಿಸಿದರೆ ಅದರ ಆಯುಷ್ಯವನ್ನು ನಾವೇ ಕಳೆದ ಹಾಗೆ, ಒಡೆದರೆ ಕಣ್ಣಿಗೇ ಬರುತ್ತದೆ. ವಯರು ಇರುವುದಕ್ಕೆ ಶಿವಮೊಗ್ಗಕ್ಕೆ ಫೋನ್ ಮಾಡಿದೆ. ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬಂತು. ಪ್ಲಗ್ಗಿನ ಕೆಂಪು ಕಪ್ಪು ಯಾವ ಕಡೆ ಎಂದು ಹಳೆಯದರ ಪಕ್ಕ ಇಟ್ಟು ನೋಡಿ ಚುಚ್ಚಿದೆ, ಕೆಲವು ಮಾದರಿಗಳಲ್ಲಿ ಅದಲುಬದಲು ಇರುತ್ತದೆ.

ಅಷ್ಟಕ್ಕೇ ಬಿಟ್ಟಿದ್ದರೆ ಇನ್ನೈದು ವರ್ಷಕ್ಕೆ ಹೊಸ ಸೆಲ್ಲೂ ಮುದಿಯಾಗಿ, ಆಷಾಢದ ಒಂದು ಬೆಳಿಗ್ಗೆ ಮೇಷ್ಟ್ರು ಮತ್ತೆ ಕೊಟ್ಟೆ ಕಟ್ಟಿಕೊಂಡು ಬರಬೇಕಾಗುತ್ತಿತ್ತು. ಹಾಗಾಗಿ ವಿಂಡೋಸನ್ನೇ ಬಯೋಸ್‌ನ ಮೂಲ ಸ್ಥಿತಿಗೆ ಒಗ್ಗಿಸಿದೆ. ಮೊದಲು ಎಎಚ್‌ಸಿಐನಲ್ಲಿ ಇದ್ದಾಗಲೇ ಇಂಟೆಲ್ ಡ್ರೈವರನ್ನು ವಿಂಡೋಸ್ ಒಳಗೆ ಸೇರಿಸಿದೆ. ಬಿಸಿಡಿಎಡಿಟ್ ಆಜ್ಞೆಯಿಂದ, ಮುಂದಿನ ಸಲ ಸೇಫ್ ಮೋಡ್‌ನಲ್ಲೇ ಏಳು ಎಂದು ವಿಂಡೋಸಿಗೆ ಹೇಳಿ ಮುಚ್ಚಿದೆ. ಬಯೋಸ್‌ಗೆ ಹೋಗಿ ಆಯ್ಕೆಯನ್ನು ರೇಡ್‌ಗೆ ತಂದೆ. ಸೇಫ್ ಮೋಡ್‌ನಲ್ಲಿ ಏಳುವಾಗ ವಿಂಡೋಸ್ ತನ್ನಲ್ಲಿರುವ ಡಿಸ್ಕ್ ಡ್ರೈವರುಗಳನ್ನೆಲ್ಲ ಎಬ್ಬಿಸಿ, ಯಾವುದು ಬೇಕೋ ಅದನ್ನು ಹಿಡಿದುಕೊಳ್ಳುತ್ತದೆ. ಎದ್ದಿತು. ಸೇಫ್ ಮೋಡ್ ಗುರುತು ತೆಗೆದು ಮತ್ತೆ ಹಚ್ಚಿದೆ, ಮಾಮೂಲಿನಂತೆ ಎದ್ದಿತು. ಲಿನಕ್ಸ್ ಬಳಸುವವರಾಗಿದ್ದರೆ ಇದನ್ನು ಮಾಡುತ್ತಿರಲಿಲ್ಲ, ಅವರಿಗೆ ಎಎಚ್‌ಸಿಐ ಬೇಕು. ಮೇಷ್ಟ್ರಿಗೆ ಬೇಕಾದ್ದು ನುಡಿ ಮತ್ತು ಎಕ್ಸೆಲ್.

ಪರೀಕ್ಷೆ ಮಾಡದೆ ಕೊಡುವ ಧೈರ್ಯ ಈ ಸಲ ಇರಲಿಲ್ಲ. ಅಡಾಪ್ಟರ್ ಕಿತ್ತು ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಗಡಿಯಾರ ಸರಿ, ಬೂಟ್ ಸರಿ. ಆಮೇಲೆ ಬೇಕೆಂದೇ ಹೊಸ ಸೆಲ್ಲಿನ ಪ್ಲಗ್ಗನ್ನೂ ಕಿತ್ತು, ಬಯೋಸ್ ಎಲ್ಲ ಮರೆಯುವ ಹಾಗೆ ಮಾಡಿ ಹಚ್ಚಿದೆ. ತಾರೀಖು 2018ಕ್ಕೆ ಹೋಯಿತು, ವಿಂಡೋಸ್ ಮಾತ್ರ ಎದ್ದೇ ಎದ್ದಿತು. ಈ ಎರಡನೆಯ ಪರೀಕ್ಷೆಯನ್ನು ಮೊದಲ ಸಲವೇ ಮಾಡಿದ್ದರೆ ಉಂಬಳಕ್ಕೆ ರಕ್ತ ಕೊಡುವುದು ತಪ್ಪುತ್ತಿತ್ತು.

ದೊಡ್ಡ ಬ್ಯಾಟರಿಯನ್ನೂ ಹಾಕಿಸಿ ಎಂದೆ. "ಅಡಿಕೆ ಮಾರಿದ ಮೇಲೆ ನೋಡುವ" ಎಂದರು. ಐನೂರರಲ್ಲಿ ಸೆಲ್ಲಿನ ದುಡ್ಡು ಹಿಡಿದು ಉಳಿದದ್ದನ್ನು ವಾಪಸ್ ಕೊಟ್ಟೆ. ಮೇಷ್ಟ್ರು ಎಣಿಸಿ ಜೇಬಿಗಿಟ್ಟುಕೊಂಡರು, ಬೇಡ ಎನ್ನಲಿಲ್ಲ.

ಆಶ್ಲೇಷ ಮಳೆಯಲ್ಲಿ ಅವರ ಕಡೆ ಮೂರು ದಿನ ಕರೆಂಟ್ ಇರಲಿಲ್ಲ. ನಾಲ್ಕನೆಯ ದಿನ ದರೆ ಹತ್ತಿ ಫೋನ್ ಮಾಡಿದರು. ಸ್ಟಾರ್ಟ್ ಆಗಿದೆ, ತಾರೀಖೂ ಸರಿ ಉಂಟು, ಷರಾದಲ್ಲಿ ಬರೆದಿದ್ದೇನೆ ಎಂದರು. ಆಮೇಲೆ ಕೇಳಿದರು, ಜನವರಿ 2018 ಅಂತ ಬಿದ್ದ ಕಡತಗಳ ತಾರೀಖನ್ನು ತಿದ್ದಲಿಕ್ಕೆ ಆಗ್ತದಾ ಎಂದು. ತಿದ್ದಬಹುದು, ಆದರೆ ಯಾವುದು ಯಾವ ದಿನದ್ದು ಎಂದು ನನಗೆ ಹೇಗೆ ಗೊತ್ತಾಗಬೇಕು ಮೇಷ್ಟ್ರೇ ಎಂದೆ.

"ಅದು ನಂಗೆ ಬಿಡು. ಪುಸ್ತಕ ನೋಡಿ ಹೊಂದಿಸ್ತೇನೆ. ಹೋದ ವರ್ಷ ಔಷಧಿ ಹೊಡೆದ ದಿನ ಮಳೆ ಬಿಟ್ಟಿತ್ತು, ಅದರ ಷರಾ ಉಂಟು."

ಗಾಳಿ ಬೀಸಿತು, ಫೋನ್ ಕಟ್ಟಾಯಿತು.